ಅಥೆನ್ಸ್‌ನ ಅಕ್ಷಾಂಶ, ಸೈಬೀರಿಯಾದ ಚಳಿ

ಪ್ರಶ್ನೆ: 2018ರ ಚಳಿಗಾಲದ ಒಲಿಂಪಿಕ್ಸ್ ನಡೆದ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಭೂಪಟದಲ್ಲಿ ಹೆಚ್ಚೂಕಡಿಮೆ ಅಥೆನ್ಸ್‌ನ ನೇರಕ್ಕಿದೆ. ಆದರೂ ಅಲ್ಲಿ ಅಷ್ಟು ಚಳಿ ಏಕೆ? ಅಲ್ಲಿಯೂ ನಮ್ಮಂತೆ ಮಳೆಗಾಲ ಇದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಅಕ್ಷಾಂಶ ಒಂದೇ ಇರಬಹುದು, ಬೀಸುವ ಗಾಳಿ ಬೇರೆ. ಅಥೆನ್ಸನ್ನು ಚಳಿಗಾಲದಲ್ಲಿ ಕಾಯುವುದು ಮೆಡಿಟರೇನಿಯನ್ ಸಮುದ್ರ. ಕೊರಿಯಾದ ಬೆನ್ನಿಗಿರುವುದು ಏಷ್ಯಾದ ವಿಶಾಲ ನೆಲ. ಸೈಬೀರಿಯಾ, ಮಂಗೋಲಿಯಾಗಳಲ್ಲಿ ನೆಲ ತಣ್ಣಗಾದಂತೆ ಅದರ ಮೇಲಿನ ಗಾಳಿ ಭಾರವಾಗಿ, ವಾಯುಭಾರ ಏರಿ, ಒಣ ಶೀತಗಾಳಿ ವಾಯವ್ಯದಿಂದ ಕೊರಿಯಾಕ್ಕೆ ನುಗ್ಗುತ್ತದೆ. ಇದರ ಮೇಲೆ ಎತ್ತರ ಬೇರೆ. ಗಾಂಗ್‌ವಾನ್ ಪ್ರಾಂತದ ಈ ಗ್ರಾಮೀಣ ಕೌಂಟಿ ತೇಬೆಕ್ ಬೆಟ್ಟಸಾಲಿನಲ್ಲಿದೆ. ಅದರ ಪೂರ್ವದಂಚಿನ ದೇಗ್ವಾಲ್ಯೊಂಗ್ ಕಣಿವೆದಾರಿ ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರ. ಅಲ್ಲಿ ಜನವರಿಯ ಸರಾಸರಿ ತಾಪಮಾನ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ. ಗಾಳಿಯೂ ಜೋರು: ಒಲಿಂಪಿಕ್ಸ್‌ನಲ್ಲಿ ಫೆಬ್ರುವರಿ 12ಕ್ಕೆ ನಿಗದಿಯಾಗಿದ್ದ ಮಹಿಳೆಯರ ಜೈಂಟ್ ಸ್ಲಾಲಮ್ ಸ್ಪರ್ಧೆಯನ್ನು ಗಾಳಿಯ ಕಾರಣಕ್ಕೇ ಮುಂದೂಡಬೇಕಾಯಿತು.

ಹಾಗಾದರೆ ಒಣಗಾಳಿಯ ನಾಡಿಗೆ ಹಿಮ ಎಲ್ಲಿಂದ? ಗಾಳಿ ಆಗಾಗ ದಿಕ್ಕು ಬದಲಿಸಿ ಈಶಾನ್ಯದಿಂದ, ಪೂರ್ವ ಸಮುದ್ರದ ಮೇಲಿಂದ ಬರುತ್ತದೆ. ಬೆಚ್ಚಗಿನ ನೀರಿನ ತೇವ ಹೀರಿಕೊಂಡು ಬೆಟ್ಟಕ್ಕೆ ತಾಗಿದಾಗ ರಾಶಿ ರಾಶಿ ಹಿಮ ಸುರಿಸುತ್ತದೆ.

ಈ ಚಳಿಯನ್ನು ಅಲ್ಲಿನವರು ದುಡಿಸಿಕೊಂಡ ಬಗೆಯೇ ನನಗೆ ಒಲಿಂಪಿಕ್ಸ್‌ಗಿಂತ ದೊಡ್ಡದು. ಪೊಲಾಕ್ ಮೀನನ್ನು ಮರದ ಚೌಕಟ್ಟುಗಳಲ್ಲಿ ಬಯಲಿಗೆ ನೇತುಹಾಕುತ್ತಾರೆ. ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಹೀಗೇ ತಿಂಗಳುಗಟ್ಟಲೆ ನಡೆದ ಮೇಲೆ ಮಾಂಸ ಹಳದಿಗೆ ತಿರುಗಿ ಹಗುರಾಗುತ್ತದೆ. ಅದೇ ‘ಹ್ವಾಂಗ್‌ತೆ’, ಸಾರಿಗೆ ಪ್ರಸಿದ್ಧ. ಚಳಿ ಕಡಿಮೆಯಾದರೆ ಮೀನು ಕೆಡುತ್ತದೆ, ಹಗಲಲ್ಲೂ ಕರಗದಿದ್ದರೆ ಹದ ಬರುವುದಿಲ್ಲ. ಒಂದು ಕಾಲಕ್ಕೆ ಈ ಮೀನು ಕೊರಿಯಾದ ಪೂರ್ವ ತೀರದಲ್ಲೇ ಹೇರಳವಾಗಿತ್ತು. ಅಲ್ಲಿ ಅದು ಬಹುತೇಕ ಬರಿದಾಗಿ 2019ರಲ್ಲಿ ಸರ್ಕಾರ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. ಈಗ ಒಣಗುವುದು ಬಹುಪಾಲು ರಷ್ಯಾದ ಮೀನು. ಕೊರಿಯಾದ್ದು ಚಳಿ ಮಾತ್ರ.

ಮಳೆಗಾಲ ಖಂಡಿತ ಇದೆ. ಬೇಸಿಗೆಯಲ್ಲಿ ಗಾಳಿ ತಿರುಗಿ ಪೆಸಿಫಿಕ್ ಕಡೆಯಿಂದ ತೇವ ಹೊತ್ತು ಬರುತ್ತದೆ. ಅದಕ್ಕೂ ಉತ್ತರದ ತಂಪು ಗಾಳಿಗೂ ಮುಖಾಮುಖಿಯಾದ ಗಡಿ ಕೊರಿಯಾದ ಮೇಲೆ ಅತ್ತಿತ್ತ ಓಲಾಡುತ್ತದೆ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗಿನ ಈ ಮಳೆಗೆ ‘ಚಾಂಗ್ಮಾ’ ಎನ್ನುತ್ತಾರೆ. ವರ್ಷದ ಅರ್ಧಕ್ಕಿಂತ ಹೆಚ್ಚು ಮಳೆ ಬೇಸಿಗೆಯ ಮೂರು ತಿಂಗಳಲ್ಲೇ ಮುಗಿಯುತ್ತದೆ. ಆಮೇಲೆ ಚಂಡಮಾರುತಗಳ ಸರದಿ. ಆಗಸ್ಟ್‌ನಲ್ಲಿ ಸೋಲ್ ನಗರ ಬೆವರುತ್ತಿರುವಾಗ ದೇಗ್ವಾಲ್ಯೊಂಗ್‌ನ ಸರಾಸರಿ 20 ಡಿಗ್ರಿಯ ಆಸುಪಾಸು. ಆದ್ದರಿಂದಲೇ ತಗ್ಗಿನ ಊರುಗಳಲ್ಲಿ ಎಲೆಕೋಸು ಬಾಡುವ ಕಾಲದಲ್ಲಿ ಕಿಮ್ಚಿಗೆ ಬೇಕಾದ ಕೋಸು ಈ ಎತ್ತರದ ಹೊಲಗಳಿಂದ ಇಳಿದು ಬರುತ್ತದೆ.

ವಸಂತ ಚಿಕ್ಕದು, ಒಣದು. ಕಾಳ್ಗಿಚ್ಚಿನ ಭಯ ಆಗಲೇ ಹೆಚ್ಚು. ಸೆಪ್ಟೆಂಬರ್‌ನಲ್ಲಿ ಬೊಂಗ್‌ಪ್ಯೊಂಗ್ ಭಾಗದ ಹೊಲಗಳಲ್ಲಿ ಬಕ್‌ವೀಟ್ ಬಿಳಿ ಹೂ ಬಿಡುತ್ತದೆ. ಈ ಊರಿನವನೇ ಆದ ಲೇಖಕ ಲೀ ಹ್ಯೊ-ಸೊಕ್ 1936ರಲ್ಲಿ ಆ ಹೂವಿನ ಹಿನ್ನೆಲೆಯಲ್ಲಿ ಬರೆದ ಕಥೆ ಕೊರಿಯಾದಲ್ಲಿ ಮನೆಮಾತು.

ಹೋಗುವ ಯೋಚನೆ ಇದ್ದರೆ ಸೆಪ್ಟೆಂಬರ್ ಅಥವಾ ಜನವರಿ ಆರಿಸಿಕೊಳ್ಳಿ. ಜುಲೈ ಬೇಡ, ಶಿರಸಿಯವರು ಮಳೆ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ.