ತಾಯಿಯ ಸಕ್ಕರೆ, ಕೂಸಿನ ತೂಕ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ದುಂಡನೆಯ ಕೂಸು ಕಂಡರೆ ದೃಷ್ಟಿ ತೆಗೆಯುತ್ತಾರೆ. ತೆಗೆಯಲಿ, ಜೊತೆಗೆ ತಾಯಿಯ ಸಕ್ಕರೆಯನ್ನೂ ಕೇಳಲಿ. ಅವಳಲ್ಲಿ ಹೆಚ್ಚಾದ ಗ್ಲೂಕೋಸ್ ಮಾಸು ದಾಟುತ್ತದೆ, ಇನ್ಸುಲಿನ್ ದಾಟದು. ಹಾಗಾಗಿ ಭ್ರೂಣವೇ ಹೆಚ್ಚು ಇನ್ಸುಲಿನ್ ಸ್ರವಿಸಿ ಕೊಬ್ಬು ಕಟ್ಟುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಹರಿವು ನಿಲ್ಲುತ್ತದೆ, ಇನ್ಸುಲಿನ್ ಉಳಿದಿರುತ್ತದೆ. ಕೂಸಿನ ಸಕ್ಕರೆ ಕುಸಿದು ಕೈಕಾಲು ನಡುಗಬಹುದು. ಮೊದಲ ಗಂಟೆಯೊಳಗೇ ಎದೆಹಾಲು ಕೊಡಬೇಕು. ಉಸಿರಾಟದ ತೊಂದರೆ, ಕಾಮಾಲೆಯೂ ಬರಬಹುದು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಸುಮಾರು 6% ಗರ್ಭಿಣಿಯರಿಗೆ ಗರ್ಭಾವಧಿ ಮಧುಮೇಹವಿತ್ತು; ಅವರ ಕೂಸುಗಳ ತೂಕ, ಕೊಬ್ಬು ಹೆಚ್ಚಿತ್ತು.

ರಾಷ್ಟ್ರೀಯ ಮಾರ್ಗಸೂಚಿ: 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗೆ 140 ಮಿ.ಗ್ರಾಂ/ಡೆ.ಲೀ. ಅಥವಾ ಹೆಚ್ಚಿದ್ದರೆ ಗರ್ಭಾವಧಿ ಮಧುಮೇಹ. ಪರೀಕ್ಷೆ ಮೊದಲ ಭೇಟಿಯಲ್ಲಿ, ಮತ್ತೆ 24-28ನೇ ವಾರದಲ್ಲಿ.