ಉಳುಕಿದ ಕಾಲು

ನಡೆಯುವವನು ಎಡವುತ್ತಾನಲ್ಲದೆ ಕುಳಿತವನು ಎಡವುತ್ತಾನೆಯೇ ಎಂದು ಹಿರಿಯರು ಹೇಳುತ್ತಾರೆ. ನಾನು ಎಡವಿದವನು. ಎಡವಿದ್ದು ನನ್ನ ತಪ್ಪಲ್ಲ. ಆದರೆ ಎಡವಿದ ಮೇಲೆ ನಡೆದುಕೊಂಡ ರೀತಿ ಮಾತ್ರ ಪೂರ್ತಿಯಾಗಿ ನನ್ನ ತಪ್ಪು. ಆ ತಪ್ಪಿನಿಂದ ಕಲಿತದ್ದನ್ನು ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಮೊದಲನೆಯ ವರ್ಷದ ತರಗತಿಯಲ್ಲಿದ್ದಾಗ, ಒಂದು ಸಂಜೆ ಖೋ ಖೋ ಅಭ್ಯಾಸದಲ್ಲಿ ಓಡುತ್ತಿದ್ದವನ ಬಲಗಾಲು ಮೈದಾನದ ಒಂದು ಸಣ್ಣ ಗುಳಿಗೆ ಬಿದ್ದು ಒಳಕ್ಕೆ ಮಗುಚಿತು. ಗೆಳೆಯರಲ್ಲೊಬ್ಬ ಕಾಲನ್ನು ಹಿಡಿದು ಜಗ್ಗಿದ. ಇನ್ನೊಬ್ಬ ಬಲವಾಗಿ ತಿಕ್ಕಿದ. ಮನೆಗೆ ಕುಂಟುತ್ತ ಹೋದೆ. ಅಜ್ಜಿ, “ಉಳುಕು ಕಣೋ ಮಗಾ, ನೀವಿದರೆ ಹೋಗುತ್ತೆ” ಎಂದು ಬಿಸಿ ಎಣ್ಣೆ ಹಚ್ಚಿ ನೀವಿ, ಮೇಲೆ ಉಪ್ಪಿನ ಶಾಖ ಕೊಟ್ಟರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಬೆಳಗಾಗುವಷ್ಟರಲ್ಲಿ ಕಾಲು ಮಾತ್ರ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಹನ್ನೆರಡು ದಿನಗಳಲ್ಲಿ ನೋವು ಇಳಿಯಿತು. ‘ವಾಸಿಯಾಯಿತು’ ಎಂದುಕೊಂಡು ಅಂತರ ಕಾಲೇಜು ಪಂದ್ಯಕ್ಕೆ ಇಳಿದೆ. ಆಟ ಆರಂಭವಾದ ಸ್ವಲ್ಪ ಹೊತ್ತಿಗೇ ಅದೇ ಕಾಲು, ಅದೇ ಕಡೆಗೆ, ಮತ್ತೆ ಮಗುಚಿತು. ಆ ವರ್ಷವೆಲ್ಲ ನಾನು ಮೈದಾನದ ಅಂಚಿನಲ್ಲಿ ಕುಳಿತು ಆಟ ನೋಡಿದೆ. ನೋವು ಹೋದ ಕಾಲು ಎರಡನೆಯ ಸಲ ಏಕೆ ಉಳುಕಿತು? ಈ ಪ್ರಶ್ನೆಯೇ ನನ್ನನ್ನು ಈ ವಿಷಯದ ಅಭ್ಯಾಸಕ್ಕೆ ಹಚ್ಚಿತು.

ಮೊಣಕಾಲಿನ ಕೆಳಗಿರುವ ಎರಡು ಎಲುಬುಗಳ ತುದಿಗಳು ಕೂಡಿ, ಪಾದದ ಮೇಲ್ಭಾಗದ ಒಂದು ಎಲುಬನ್ನು ಇಕ್ಕಳದಂತೆ ಹಿಡಿದುಕೊಂಡಿವೆ. ಇದೇ ಹರಡಿನ ಕೀಲು. ಎಲುಬಿಗೂ ಎಲುಬಿಗೂ ಬಿಗಿದ ನಾರಿನ ಪಟ್ಟಿಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಒಳಮಗ್ಗುಲಿನ ರಜ್ಜು ಅಗಲವಾದುದು, ಬಲವಾದುದು. ಹೊರಮಗ್ಗುಲಿನಲ್ಲಿರುವ ಮೂರು ಪಟ್ಟಿಗಳಲ್ಲಿ ಮುಂದಿನದು ಎಲ್ಲಕ್ಕಿಂತ ದುರ್ಬಲ. ಪಾದವು ಒಳಕ್ಕೆ ಮಗುಚಿದಾಗ ಸಾಮಾನ್ಯವಾಗಿ ಮೊದಲು ಏಟು ತಿನ್ನುವುದು ಅದೇ. ರಜ್ಜು ಬರಿದೇ ಎಳೆದುಕೊಂಡರೆ ಸಣ್ಣ ಉಳುಕು. ಅರ್ಧ ಹರಿದರೆ ಮಧ್ಯಮ. ಪೂರ್ತಿ ಹರಿದರೆ ತೀವ್ರ. ಸುಶ್ರುತ ಸಂಹಿತೆಯು ಹರಡನ್ನು ‘ಗುಲ್ಫ’ವೆಂಬ ಮರ್ಮಸ್ಥಾನವಾಗಿ ಎಣಿಸಿ, ಅಲ್ಲಿ ಪೆಟ್ಟಾದರೆ ನೋವು, ಪಾದ ಸೆಟೆಯುವುದು, ಕುಂಟು ಇವು ಬರಬಹುದೆಂದು ಹೇಳುತ್ತದೆ. ನಮ್ಮ ಹಿಂದಿನವರು ಉಳುಕನ್ನು ಹಗುರವಾಗಿ ಎಣಿಸಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಕಾಲು ಮಗುಚಿದೊಡನೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ಉಳುಕೋ ಮುರಿತವೋ ಎಂಬುದು. ಇದಕ್ಕೆ ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಒಂದು ಸರಳ ನಿಯಮವನ್ನು ಪ್ರಕಟಿಸಿದರು. ಹರಡಿನ ಇಕ್ಕೆಲಗಳ ಎಲುಬಿನ ಗುಬುಟುಗಳ ತುದಿಯನ್ನಾಗಲಿ, ಹಿಂದಿನ ಅಂಚನ್ನಾಗಲಿ ಒತ್ತಿದಾಗ ಎಲುಬಿನ ಮೇಲೆಯೇ ನೋವಾದರೆ, ಅಥವಾ ಪೆಟ್ಟಾದ ಕೂಡಲೇ ಮತ್ತು ವೈದ್ಯರ ಮುಂದೆ, ಎರಡು ಸಲವೂ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಎಕ್ಸ್‌ರೇ ತೆಗೆಸಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಎಲುಬಿನ ಮೇಲೆ, ಅಥವಾ ಒಳಮಗ್ಗುಲಲ್ಲಿ ಹರಡಿನ ಮುಂದಿರುವ ಎಲುಬಿನ ಮೇಲೆ ಒತ್ತಿದರೆ ನೋವಾಗುವಾಗಲೂ ಹಾಗೆಯೇ.

ಈ ನಿಯಮದ ಬೆಲೆ ನನಗೆ ತಿಳಿದದ್ದು ಕಳೆದ ಮಳೆಗಾಲದಲ್ಲಿ. ನಮ್ಮ ತಾಯಿಯವರು ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. ನೆರೆಯವರೆಲ್ಲ “ಉಳುಕಷ್ಟೆ, ನೀವಿಸಿ” ಎಂದರು. ಅಜ್ಜಿ ಎಣ್ಣೆ ಕಾಯಿಸಲು ಒಳಗೆ ಹೋದರು. ನಾನು ಹೊರಮಗ್ಗುಲಿನ ಗುಬುಟಿನ ಹಿಂದೆ ಮೆಲ್ಲನೆ ಒತ್ತಿದೆ, ತಾಯಿಯವರು ಚೀರಿದರು. ಒಂದು ಹೆಜ್ಜೆಯೂ ಇಡಲಾಗಲಿಲ್ಲ. “ಅಜ್ಜಿ, ಈ ಸಲ ಎಣ್ಣೆ ಬೇಡ” ಎಂದು ಕಾಲಿಗೆ ದಬ್ಬೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ದೆವು. ಎಲುಬು ಬಿರುಕು ಬಿಟ್ಟಿತ್ತು. ಆ ಕಾಲನ್ನು ನೀವಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಮುರಿತವಿಲ್ಲವೆಂದು ಗೊತ್ತಾದ ಮೇಲೆ ಉಪಚಾರ ಕಷ್ಟವೇನಲ್ಲ. ಮೊದಲ ಎರಡು ಮೂರು ದಿನ ತಿಕ್ಕುವುದು, ನೀವುವುದು, ಶಾಖ ಕೊಡುವುದು, ಮದ್ಯಪಾನ, ಓಟ ಇವೆಲ್ಲ ವರ್ಜ್ಯ. ಇವು ಒಳಗಿನ ರಕ್ತಸ್ರಾವವನ್ನೂ ಊತವನ್ನೂ ಹೆಚ್ಚಿಸುವಂಥವು. ಮಲಗಿದಾಗ ಪಾದದ ಕೆಳಗೆ ದಿಂಬುಗಳನ್ನಿಟ್ಟು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿರಿಸಬೇಕು. ಹಿಗ್ಗುವ ಬಟ್ಟೆಯ ಪಟ್ಟಿಯನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಬೇಕು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಕೂಡಲೇ ಸಡಿಲಿಸಬೇಕು. ನೋವು ಹೆಚ್ಚಾಗಿದ್ದರೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬಹುದು. ವಿಶ್ರಾಂತಿ, ಮಂಜು, ಪಟ್ಟಿ, ಎತ್ತರ ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಅತಿಯಾದ ಮಂಜೂ ಪೂರ್ಣ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದೆಂದು ಮುಂದೆ ಅವರೇ ಅಭಿಪ್ರಾಯ ಬದಲಿಸಿಕೊಂಡರು. ಆದುದರಿಂದ ನೋವು ತಡೆಯುವಷ್ಟರ ಮಟ್ಟಿಗೆ ಬೇಗನೆ ಪಾದವನ್ನು ಮೇಲೆ ಕೆಳಗೆ ಆಡಿಸುವುದೂ, ಊರುಗೋಲಿನ ಆಸರೆಯಲ್ಲಿ ಮೆಲ್ಲನೆ ನಡೆಯುವುದೂ ಒಳ್ಳೆಯದು.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಕೀಲಿನ ರಜ್ಜುಗಳು ಬರಿಯ ಹಗ್ಗಗಳಲ್ಲ. ಪಾದವು ಯಾವ ಕಡೆಗೆ ಎಷ್ಟು ವಾಲಿದೆಯೆಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ನರಗಳ ತುದಿಗಳೂ ಅವುಗಳಲ್ಲಿವೆ. ರಜ್ಜು ಹರಿದಾಗ ಈ ಅರಿವೂ ಮಂಕಾಗುತ್ತದೆಂದು ಇಂಗ್ಲೆಂಡಿನ ಶಸ್ತ್ರವೈದ್ಯ ಫ್ರೀಮನ್ 1965ರಲ್ಲಿ ತೋರಿಸಿಕೊಟ್ಟರು. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸುವುದೇ ಅವರ ಉಪಾಯ. ನನ್ನ ಕಾಲಿಗೆ ನೋವು ಹೋಗಿತ್ತು, ಅರಿವು ಮರಳಿರಲಿಲ್ಲ. ಗುಳಿಯ ಅಂಚನ್ನು ತುಳಿದ ಪಾದ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಮೊದಲೇ ಮಗುಚಿಬಿಟ್ಟಿತು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚೆಂಬುದಕ್ಕೆ ಇದೊಂದು ಮುಖ್ಯ ಕಾರಣ.

ಇದಕ್ಕೆ ಹಣದ ಖರ್ಚಿಲ್ಲದ ಸಾಧನೆಯುಂಟು. ಗೋಡೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ಮೂವತ್ತು ಸೆಕೆಂಡು ನಿಲ್ಲುವುದು. ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು. ಆಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲುವುದು. ಹಿಮ್ಮಡಿಯನ್ನೆತ್ತಿ ಇಳಿಸುವುದರಿಂದ ಮೀನಖಂಡ ಬಲವಾಗುತ್ತದೆ. ಪಾದವನ್ನು ಗೋಡೆಗೆ ಹೊರಮುಖವಾಗಿ ಒತ್ತಿ ಹಿಡಿಯುವುದರಿಂದ ಮಗುಚುವುದನ್ನು ತಡೆಯುವ ಹೊರಬದಿಯ ಸ್ನಾಯುಗಳು ಬಲಗೊಳ್ಳುತ್ತವೆ. ನಾನು ಪ್ರತಿದಿನ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುತ್ತಿದ್ದೆ. ಮನೆಯವರು ಕೊಕ್ಕರೆಯೆಂದು ನಕ್ಕರು. ಉಳುಕಿದ ಕಾಲೊಂದರಲ್ಲೇ ನೋವಿಲ್ಲದೆ ಕುಪ್ಪಳಿಸಲು, ಓಡುತ್ತ ಥಟ್ಟನೆ ತಿರುಗಲು ಸಾಧ್ಯವಾಗುವವರೆಗೆ ಪಂದ್ಯಕ್ಕೆ ಇಳಿಯಬಾರದು. ಇಳಿದ ಮೇಲೂ ಕೆಲವು ತಿಂಗಳು ಹರಡಿಗೆ ಪಟ್ಟಿಯ ಆಸರೆ ಇರಲಿ. ಆಟಕ್ಕೆ ಮುಂಚೆ ಮೈ ಬಿಸಿಮಾಡಿಕೊಳ್ಳುವುದು, ಮೈದಾನದ ಗುಳಿಗಳನ್ನು ಎಲ್ಲರೂ ಸೇರಿ ಮುಚ್ಚುವುದು, ದಣಿದಾಗ ನಿಲ್ಲಿಸುವುದು, ಇವಿಷ್ಟೂ ಎಲ್ಲರಿಗೂ ಸಾಧ್ಯವಾದವು.

ಈ ವರ್ಷ ನಾನು ಮತ್ತೆ ತಂಡದಲ್ಲಿ ಓಡಿದೆ. ನಾವು ಗೆಲ್ಲಲಿಲ್ಲ, ಆದರೆ ನನ್ನ ಕಾಲು ಉಳುಕಲಿಲ್ಲ. ತಾಯಿಯವರು ಈಗ ಕೋಲಿಲ್ಲದೆ ನಡೆಯುತ್ತಾರೆ. ನೋವು ಹೋಯಿತೆಂದರೆ ಕಾಲು ವಾಸಿಯಾಯಿತೆಂದಲ್ಲ ಎಂಬ ಒಂದು ಮಾತನ್ನು ನನ್ನ ಕಿರಿಯ ಮಿತ್ರರು ನೆನಪಿನಲ್ಲಿಟ್ಟರೆ, ನಾನು ಮೈದಾನದ ಅಂಚಿನಲ್ಲಿ ಕುಳಿತ ಆ ಒಂದು ವರ್ಷ ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇನೆ.