ಟಾರ್ಚಿನ ಸ್ವಿಚ್ಚು, ಬೆಳಕಿನ ಹಂತಗಳು: ಕೊಳ್ಳುವ ಮುನ್ನ ಪರೀಕ್ಷಿಸುವ ಕ್ರಮ

ಟಾರ್ಚಿನ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿರುವುದು ಲ್ಯುಮೆನ್ ಸಂಖ್ಯೆ, ಅಂದರೆ ದೀಪದಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಆದರೆ ಟಾರ್ಚನ್ನು ದಿನವೂ ಕೈಯಲ್ಲಿ ಹಿಡಿಯುವವರ ಮೆಚ್ಚುಗೆಯಾಗಲಿ ದೂರಾಗಲಿ ಆ ಸಂಖ್ಯೆಯ ಬಗ್ಗೆ ಇರುವುದು ಕಡಿಮೆ. ಗುಂಡಿ ಕತ್ತಲಲ್ಲಿ ಬೆರಳಿಗೆ ಸಿಗುತ್ತದೆಯೇ, ಒಮ್ಮೆ ಒತ್ತಿದರೆ ಎಷ್ಟು ಬೆಳಕು ಬರುತ್ತದೆ, ಆರಿಸಲು ಎಷ್ಟು ಸಲ ಒತ್ತಬೇಕು ಎಂಬ ಸಂಗತಿಗಳ ಬಗ್ಗೆಯೇ ಹೆಚ್ಚು. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತ, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್, ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಬೆಳಗಾಗುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮರದ ಹಾಲು ಇಳಿಸಲು ಹೊರಡುವ ಟ್ಯಾಪರ್, ಇವರಿಗೆಲ್ಲ ಟಾರ್ಚು ಕತ್ತಿ ಗುದ್ದಲಿಗಳ ಸಾಲಿಗೇ ಸೇರಿದ ಸಲಕರಣೆಯಾದ್ದರಿಂದ, ಅದರ ಸ್ವಿಚ್ಚು ಹೇಗೆ ವರ್ತಿಸುತ್ತದೆ ಎಂಬುದನ್ನು ಹಣ ಕೊಡುವ ಮುನ್ನವೇ ತಿಳಿದುಕೊಳ್ಳುವುದು ಅಗತ್ಯ.

ಮೊದಲು ಕೆಲಸವನ್ನು ಗೊತ್ತುಮಾಡಿಕೊಳ್ಳುವುದು

ಟಾರ್ಚನ್ನು ಯಾವ ಕೆಲಸಕ್ಕಾಗಿ ಕೊಳ್ಳಲಾಗುತ್ತಿದೆ, ಆ ಕೆಲಸದ ಹೊತ್ತಿಗೆ ಯಾವ ಕೈ ಬಿಡುವಾಗಿರುತ್ತದೆ ಎಂಬುದು ಮೊದಲು ಸ್ಪಷ್ಟವಾಗಬೇಕು. ರಬ್ಬರ್ ಟ್ಯಾಪರ್‌ನ ಒಂದು ಕೈಯಲ್ಲಿ ಕತ್ತಿಯಿರುತ್ತದೆ, ಇನ್ನೊಂದು ಕೈಯ ಬೆರಳುಗಳಿಗೆ ಹಾಲು ಅಂಟಿ ಒಣಗಿ ಪದರವಾಗಿರುತ್ತದೆ. ಆತ ನೋಡಬೇಕಾದ್ದು ಒಂದೆರಡು ಅಡಿ ದೂರದ ತೊಗಟೆಯನ್ನಾದ್ದರಿಂದ ಆತನಿಗೆ ಬೇಕಿರುವುದು ಹರಡಿಕೊಂಡ ಮಂದ ಬೆಳಕು ಮತ್ತು ಅಂಟು ಬೆರಳಿನಿಂದಲೂ ತಪ್ಪದೆ ಒತ್ತಬಲ್ಲ ದೊಡ್ಡ ಗುಂಡಿ. ಹೊಲದ ಆಚೆ ಬದಿಯವರೆಗೆ ಬೆಳಕು ಚೆಲ್ಲಿ ಹಂದಿಯೋ ದನವೋ ಬಂದಿದೆಯೇ ಎಂದು ನೋಡಬೇಕಾದವನಿಗೆ ಒಂದು ಒತ್ತಿಗೆ ಪೂರ್ಣ ಬೆಳಕು ಕೊಡುವ ಸ್ವಿಚ್ಚು ಬೇಕು. ಕೆಲಸದ ಅಂದಾಜಿಲ್ಲದೆ ಅಂಗಡಿಗೆ ಹೋದವರು ಹಗಲ ಬೆಳಕಿನಲ್ಲಿ ಗೋಡೆಯ ಮೇಲೆ ಬಿಟ್ಟು ನೋಡಿ, ಎಲ್ಲಕ್ಕಿಂತ ಪ್ರಖರವಾಗಿ ಕಂಡದ್ದನ್ನೇ ಆರಿಸಿಕೊಂಡು ಬರುತ್ತಾರೆ.

ಸ್ವಿಚ್ಚು ಯಾವ ಬಗೆಯದೆಂದು ಗುರುತಿಸುವುದು

ನ್ಯೂಯಾರ್ಕಿನ ಡೇವಿಡ್ ಮಿಸೆಲ್ ಎಂಬ ಸಂಶೋಧಕನಿಗೆ 1899ರಲ್ಲಿ ಪೇಟೆಂಟ್ ದೊರೆತ ಕೊಳವೆಯಾಕಾರದ ಟಾರ್ಚಿನಲ್ಲಿ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ದೀಪ ಉರಿಯುವಂತಹ ಲೋಹದ ಸ್ಪರ್ಶಪಟ್ಟಿಯಿತ್ತು. ಅಂದಿನ ಸೆಲ್ಲುಗಳಿಗೆ ಹೆಚ್ಚು ಹೊತ್ತು ಒಂದೇ ಸಮನೆ ವಿದ್ಯುತ್ ಕೊಡುವ ಶಕ್ತಿ ಇರಲಿಲ್ಲವಾದ್ದರಿಂದ ಅಷ್ಟೇ ಸಾಕಾಗಿತ್ತು. ಆ ಬಳಿಕ ಬಂದ, ನಮ್ಮ ಊರುಗಳ ಹಳೆಯ ಹಿತ್ತಾಳೆ ಮತ್ತು ತಗಡಿನ ಟಾರ್ಚುಗಳಲ್ಲಿ ಕಾಣುವ ಜಾರು ಸ್ವಿಚ್ಚಿನಲ್ಲಿ ಎರಡೂ ಅನುಕೂಲಗಳಿದ್ದವು: ಮುಂದಕ್ಕೆ ಸರಿಸಿದರೆ ದೀಪ ನಿಲ್ಲುತ್ತದೆ, ಅದರ ಜತೆಗಿರುವ ಪುಟ್ಟ ಗುಂಡಿಯನ್ನು ಒತ್ತಿದರೆ ಬಿಡುವವರೆಗೆ ಮಾತ್ರ ಉರಿಯುತ್ತದೆ. ಜಾರು ಸ್ವಿಚ್ಚಿನ ದೊಡ್ಡ ಗುಣವೆಂದರೆ ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೆಬ್ಬೆರಳಿನಿಂದಲೇ ತಿಳಿಯಬಹುದು. ದೋಷವೆಂದರೆ ಅದರ ಸಂದಿನಲ್ಲಿ ನೀರೂ ಮಣ್ಣೂ ಸಲೀಸಾಗಿ ಒಳಸೇರುತ್ತವೆ.

ಇಂದಿನ ಎಲ್‌ಇಡಿ ಟಾರ್ಚುಗಳಲ್ಲಿ ಹೆಚ್ಚಾಗಿ ಕಾಣುವುದು ಹಿಂಬದಿಯ ಮುಚ್ಚಳದಲ್ಲಿರುವ ‘ಟಿಕ್’ ಎನ್ನುವ ರಬ್ಬರ್ ಹೊದಿಕೆಯ ಗುಂಡಿ. ಹೊರನೋಟಕ್ಕೆ ಒಂದೇ ರೀತಿಯಿದ್ದರೂ ಇದರಲ್ಲಿ ಎರಡು ಬಗೆಗಳಿವೆ, ಮತ್ತು ಕೊಳ್ಳುವವರು ತಪ್ಪದೆ ಗುರುತಿಸಬೇಕಾದ ಭೇದ ಇದೇ. ಮೊದಲನೆಯದು ಫಾರ್ವರ್ಡ್ ಸ್ವಿಚ್: ಗುಂಡಿಯನ್ನು ಅರ್ಧ ಒತ್ತಿದೊಡನೆ, ಟಿಕ್ ಎನ್ನುವ ಮೊದಲೇ, ದೀಪ ಹೊತ್ತುತ್ತದೆ, ಬೆರಳು ಸಡಿಲಿಸಿದರೆ ಆರುತ್ತದೆ, ಪೂರ್ತಿ ಒತ್ತಿದರೆ ನಿಲ್ಲುತ್ತದೆ. ಎರಡನೆಯದು ರಿವರ್ಸ್ ಸ್ವಿಚ್: ಪೂರ್ತಿ ಒತ್ತಿ ಬೆರಳು ಬಿಟ್ಟ ಮೇಲೆಯೇ ದೀಪ ಹೊತ್ತುತ್ತದೆ, ಹೊತ್ತಿದ ಬಳಿಕ ಅರ್ಧ ಒತ್ತಿದರೆ ಕ್ಷಣಕಾಲ ವಿದ್ಯುತ್ ಕಡಿದು ಮತ್ತೆ ಬರುತ್ತದೆ. ಒಳಗಿರುವ ಪುಟ್ಟ ಮೈಕ್ರೋಕಂಟ್ರೋಲರ್, ಅಂದರೆ ಬೆಳಕಿನ ಪ್ರಮಾಣವನ್ನು ನಿಯಂತ್ರಿಸುವ ಗಣಕ ಚಿಪ್ಪು, ಈ ಕಡಿತ ಅಲ್ಪಕಾಲದ್ದಾದರೆ ಮುಂದಿನ ಹಂತಕ್ಕೆ ಹೋಗಬೇಕೆಂದೂ ದೀರ್ಘವಾದರೆ ದೀಪವನ್ನು ಹೊಸದಾಗಿ ಹೊತ್ತಿಸಲಾಗಿದೆಯೆಂದೂ ಅರ್ಥಮಾಡಿಕೊಳ್ಳುತ್ತದೆ. ಅಂಗಡಿಯಲ್ಲಿ ಆರಿದ ಟಾರ್ಚಿನ ಗುಂಡಿಯನ್ನು ಶಬ್ದವಾಗದಂತೆ ಅರ್ಧ ಒತ್ತಿ ನೋಡಿದರೆ ಸಾಕು, ಬೆಳಕು ಬಂದರೆ ಫಾರ್ವರ್ಡ್, ಬಾರದಿದ್ದರೆ ರಿವರ್ಸ್.

ಬಳಕೆದಾರರ ಅಭಿಪ್ರಾಯಗಳು ಇಲ್ಲಿ ಎರಡಾಗಿ ಒಡೆಯುತ್ತವೆ. ಗಸ್ತು ತಿರುಗುವವರು, ಕ್ಷಣಮಾತ್ರ ಬೆಳಕು ಬಿಟ್ಟು ನೋಡಿ ಆರಿಸುವ ಅಭ್ಯಾಸವಿರುವವರು ಫಾರ್ವರ್ಡ್ ಸ್ವಿಚ್ಚನ್ನು ಬಯಸುತ್ತಾರೆ. ಕೆಲಸದ ನಡುವೆ ಬೆಳಕನ್ನು ಪದೇ ಪದೇ ಹೆಚ್ಚು ಕಡಿಮೆ ಮಾಡಿಕೊಳ್ಳುವವರಿಗೆ, ಆರಿಸದೆಯೇ ಹಂತ ಬದಲಿಸಲು ಬಿಡುವ ರಿವರ್ಸ್ ಸ್ವಿಚ್ಚು ಹಿತವೆನಿಸುತ್ತದೆ. ಎರಡಕ್ಕೂ ನ್ಯಾಯವಿದೆ. ಆದರೆ ಒಂದೇ ಹಂತದ ಅಥವಾ ಎರಡೇ ಹಂತಗಳ ಟಾರ್ಚಿಗೆ ಫಾರ್ವರ್ಡ್ ಸ್ವಿಚ್ಚೇ ಸೂಕ್ತವೆನ್ನಬೇಕು. ಸೈಕಲ್ಲು ಅಥವಾ ಬೈಕಿನ ಹ್ಯಾಂಡಲ್‌ಗೆ ಕಟ್ಟುವ ಉದ್ದೇಶವಿದ್ದರೆ ಇನ್ನೊಂದು ಪರೀಕ್ಷೆಯೂ ಬೇಕು: ದೀಪ ಹೊತ್ತಿಸಿ ಟಾರ್ಚಿನ ಹಿಂಬದಿಯನ್ನು ಅಂಗೈಗೆ ಬಲವಾಗಿ ತಟ್ಟಿದಾಗ ಹಂತ ತಾನಾಗಿ ಬದಲಾದರೆ ಒಳಗಿನ ಸ್ಪ್ರಿಂಗು ದುರ್ಬಲವಾಗಿದ್ದು, ಕುಲುಕಾಟಕ್ಕೆ ಸೆಲ್ಲಿನ ಸಂಪರ್ಕ ಕಡಿಯುತ್ತಿದೆ ಎಂದೇ ಅರ್ಥ. ಹಳ್ಳಕೊಳ್ಳದ ರಸ್ತೆಯಲ್ಲಿ ಅಂತಹ ದೀಪವನ್ನು ನೆಚ್ಚಿಕೊಳ್ಳುವಂತಿಲ್ಲ.

ಪಕ್ಕದ ಮೈಯಲ್ಲಿರುವ ಎಲೆಕ್ಟ್ರಾನಿಕ್ ಗುಂಡಿ ವಿದ್ಯುತ್ತನ್ನು ನೇರವಾಗಿ ಕಡಿಯುವುದಿಲ್ಲ, ಚಿಪ್ಪಿಗೆ ಸೂಚನೆಯನ್ನಷ್ಟೇ ಕೊಡುತ್ತದೆ. ಮೃದುವಾಗಿ ಒತ್ತಬಹುದು, ಒತ್ತಿ ಹಿಡಿಯುವುದು, ಎರಡು ಸಲ ಒತ್ತುವುದು ಮುಂತಾದ ಹಲವು ಸಂಜ್ಞೆಗಳನ್ನು ಅದಕ್ಕೆ ಕಲಿಸಬಹುದು. ಆದರೆ ಚಿಪ್ಪು ಸದಾ ಎಚ್ಚರವಾಗಿರಬೇಕಾದ್ದರಿಂದ ಆರಿದಾಗಲೂ ಅಲ್ಪ ವಿದ್ಯುತ್ ಸೋರುತ್ತಿರುತ್ತದೆ. ಚೆನ್ನಾಗಿ ರೂಪಿಸಿದ ಟಾರ್ಚಿನಲ್ಲಿ ಈ ಸೋರಿಕೆ ನಗಣ್ಯ, ಅಗ್ಗದ ಕೆಲವುಗಳಲ್ಲಿ ತಿಂಗಳುಗಳೊಳಗೆ ಸೆಲ್ಲು ಖಾಲಿಯಾಗುವಷ್ಟು. ತಲೆಯನ್ನು ತಿರುಗಿಸಿ ಹೊತ್ತಿಸುವ ಬಗೆಯೂ ಇದೆ. ಅದು ಗಟ್ಟಿಮುಟ್ಟಾದರೂ ಬಹುಪಾಲು ಎರಡು ಕೈಗಳನ್ನು ಬೇಡುತ್ತದೆ.

ಹಂತಗಳನ್ನು ಎಣಿಸಿ, ಅನುಕ್ರಮವನ್ನು ಬರೆದಿಟ್ಟುಕೊಳ್ಳುವುದು

ಹಂತವೆಂದರೆ ಮೋಡ್, ಅಂದರೆ ಮೊದಲೇ ನಿಗದಿಯಾದ ಬೆಳಕಿನ ಪ್ರಮಾಣ. ಟಾರ್ಚನ್ನು ಹತ್ತಾರು ಸೆಕೆಂಡು ಆರಿಸಿಟ್ಟು ಹೊತ್ತಿಸಬೇಕು, ಮೊದಲು ಬಂದ ಹಂತ ಯಾವುದೆಂದು ಗಮನಿಸಬೇಕು, ಮತ್ತೆ ಅದೇ ಹಂತ ಬರುವವರೆಗೆ ಒತ್ತುತ್ತ ಕ್ರಮವನ್ನು ಗುರುತುಹಾಕಿಕೊಳ್ಳಬೇಕು. ಬಳಿಕ ನಡುವಿನ ಹಂತವೊಂದರಲ್ಲಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊತ್ತಿಸಿದಾಗ ಅದೇ ಹಂತ ಬಂದರೆ ಟಾರ್ಚಿಗೆ ನೆನಪಿನ ಸೌಕರ್ಯವಿದೆ ಎಂದಾಯಿತು. ನೆನಪಿರುವುದು ಒಳ್ಳೆಯದೇ ಎಂಬ ವಿಷಯದಲ್ಲಿ ಒಮ್ಮತವಿಲ್ಲ. ಒಬ್ಬರೇ ಬಳಸುವ, ಒಂದೇ ಕೆಲಸಕ್ಕೆ ಮೀಸಲಾದ ಟಾರ್ಚಿನಲ್ಲಿ ನೆನಪು ಉಪಕಾರಿ. ಮನೆಮಂದಿಯೆಲ್ಲ ಎತ್ತಿಕೊಂಡು ಹೋಗುವ ಟಾರ್ಚಿನಲ್ಲಿ, ಹಿಂದಿನವರು ಯಾವ ಹಂತದಲ್ಲಿ ಆರಿಸಿದ್ದರೋ ತಿಳಿಯದಾದ್ದರಿಂದ, ಪ್ರತಿ ಸಲವೂ ಒಂದೇ ಹಂತದಿಂದ ಆರಂಭವಾಗುವುದು ಮೇಲು.

ಮಂದದಿಂದ ಪ್ರಖರಕ್ಕೆ ಏರುವ ಕ್ರಮವೋ, ಪ್ರಖರದಿಂದ ಇಳಿಯುವ ಕ್ರಮವೋ ಎಂಬ ಪ್ರಶ್ನೆಯಲ್ಲಿ ಕಣ್ಣಿನ ಸ್ವಭಾವ ಮಂದದ ಪರವಾಗಿದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ, ಆ ಹೊಂದಾಣಿಕೆ ಪ್ರಖರ ಬೆಳಕು ಬಿದ್ದ ಕೆಲವೇ ಕ್ಷಣಗಳಲ್ಲಿ ಕೆಡುತ್ತದೆ. ನಡುರಾತ್ರಿ ಮಗುವಿನ ಹಾಸಿಗೆಯ ಬಳಿ, ರೋಗಿಯ ಕೋಣೆಯಲ್ಲಿ ಒಂದು ಲ್ಯುಮೆನ್‌ಗಿಂತಲೂ ಕಡಿಮೆಯ, ಮೂನ್‌ಲೈಟ್ ಎಂದು ಕರೆಯಲಾಗುವ ಹಂತ ಸಾಕು. ಆದರೆ ತೋಟದಲ್ಲಿ ನಡೆಯಲು ಅದನ್ನು ನೆಚ್ಚಬಾರದು; ತರಗೆಲೆಗಳ ನಡುವೆ ಸುರುಳಿಸುತ್ತಿ ಮಲಗಿದ ಕೊಳಕುಮಂಡಲದ ಮೈಮೇಲಿನ ಗುರುತುಗಳು ಎಲೆಗಳ ಬಣ್ಣದಿಂದ ಬೇರೆಯಾಗಿ ಕಾಣಬೇಕಾದರೆ ಪಾದದ ಮುಂದಿನ ನೆಲದ ಮೇಲೆ ಅಗಲವಾಗಿ ಹರಡಿದ ಒಳ್ಳೆಯ ಬೆಳಕೇ ಬೇಕು.

ದೂರುಗಳಲ್ಲೆಲ್ಲ ನ್ಯಾಯವಾದದ್ದು ಮಿಣುಕು ಹಂತದ ಕುರಿತಾದದ್ದು. ಹಲವು ಅಗ್ಗದ ಟಾರ್ಚುಗಳಲ್ಲಿ ಪ್ರಖರ, ಮಧ್ಯಮ, ಮಂದಗಳಾದ ಮೇಲೆ ಸ್ಟ್ರೋಬ್ ಎಂಬ ವೇಗದ ಮಿಣುಕೂ, ಆಮೇಲೆ ಎಸ್‌ಒಎಸ್ ಎಂಬ ಆಪತ್ತಿನ ಸಂಕೇತವೂ ಬರುತ್ತವೆ. ಮಂದದಿಂದ ಪ್ರಖರಕ್ಕೆ ಮರಳಬೇಕಾದರೆ ಇವೆರಡನ್ನೂ ದಾಟಿಯೇ ಹೋಗಬೇಕು. ಏಣಿಯ ಮೇಲೆ ನಿಂತವನ ಕಣ್ಣಿಗೆ ಒಮ್ಮೆಲೇ ಮಿಣುಕು ಬಡಿಯುವುದು ಕಿರಿಕಿರಿಯಷ್ಟೇ ಅಲ್ಲ, ಅಪಾಯವೂ ಹೌದು. ಬೆಳಕಿನ ಮಿಣುಕಿನಿಂದ ಪ್ರಚೋದನೆಗೊಳ್ಳುವ ಮೂರ್ಛೆರೋಗವಿರುವವರಿಗೆ ಅದು ಸೆಳವು ತರಬಲ್ಲದು. ಮಿಣುಕು ಹಂತವು ಎರಡು ಸಲ ಬೇಗನೆ ಒತ್ತಿದಾಗಲೋ, ಒತ್ತಿ ಹಿಡಿದಾಗಲೋ ಮಾತ್ರ ಬರುವಂತಿದ್ದರೆ ಅಂತಹ ಟಾರ್ಚನ್ನು ಆರಿಸಿಕೊಳ್ಳಬಹುದು, ಸಾಮಾನ್ಯ ಸರದಿಯಲ್ಲೇ ಸೇರಿಕೊಂಡಿದ್ದರೆ ಬಿಟ್ಟುಬಿಡುವುದೇ ಲೇಸು.

ಕೆಲವು ಟಾರ್ಚುಗಳಲ್ಲಿ ಪ್ರತ್ಯೇಕ ಹಂತಗಳ ಬದಲು, ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಬೆಳಕು ಏರುತ್ತಲೋ ಇಳಿಯುತ್ತಲೋ ಹೋಗುವ ವ್ಯವಸ್ಥೆಯಿರುತ್ತದೆ. ಬೇಕಾದಷ್ಟಕ್ಕೆ ನಿಲ್ಲಿಸಿಕೊಳ್ಳುವ ಈ ಅನುಕೂಲಕ್ಕೆ ಮನಸೋತವರು ಮತ್ತೆ ಹಂತಗಳ ಕಡೆ ಹೋಗುವುದು ವಿರಳ. ಆದರೆ ಹಿರಿಯರ ಕೈಗೆ ಕೊಡುವ ಟಾರ್ಚಿಗೆ ಎರಡು ನಿಶ್ಚಿತ ಹಂತಗಳೇ ಒಳ್ಳೆಯದು.

ಹಂತಗಳ ನಡುವಿನ ಅಂತರ

ಬೆಳಕು ಇಮ್ಮಡಿಯಾದರೆ ಕಣ್ಣಿಗೆ ಇಮ್ಮಡಿಯಾಗಿ ಕಾಣುವುದಿಲ್ಲ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಎಸ್.ಎಸ್. ಸ್ಟೀವನ್ಸ್ 1957ರಲ್ಲಿ ಮಂಡಿಸಿದ ಘಾತ ನಿಯಮದ ಪ್ರಕಾರ, ಬೆಳಕಿನ ಮೂಲದ ಗಾತ್ರ ಮತ್ತು ಸನ್ನಿವೇಶಗಳನ್ನು ಅನುಸರಿಸಿ, ಎರಡರಷ್ಟು ಎನಿಸಬೇಕಾದರೆ ನಿಜವಾದ ಬೆಳಕು ಸುಮಾರು ನಾಲ್ಕರಿಂದ ಎಂಟು ಪಟ್ಟು ಹೆಚ್ಚಬೇಕಾಗುತ್ತದೆ. ಇದರಿಂದ ತಿಳಿಯುವುದೇನೆಂದರೆ, 400, 700, 1000 ಲ್ಯುಮೆನ್ ಎಂಬ ಮೂರು ಹಂತಗಳಿರುವ ಟಾರ್ಚಿನಲ್ಲಿ ಕಣ್ಣಿಗೆ ಇರುವುದು ಹೆಚ್ಚುಕಡಿಮೆ ಒಂದೇ ಹಂತ. 3, 20, 120, 700 ಎಂಬಂತೆ ಪಟ್ಟು ಪಟ್ಟಾಗಿ ಏರುವ ಟಾರ್ಚಿನಲ್ಲಿ ಪ್ರತಿ ಹಂತಕ್ಕೂ ಅದರದೇ ಆದ ಉಪಯೋಗವಿದೆ. ಅಷ್ಟೇ ಅಲ್ಲ, 700ರಿಂದ 120ಕ್ಕೆ ಇಳಿಸಿಕೊಂಡವರಿಗೆ ಸೆಲ್ಲು ಐದಾರು ಪಟ್ಟು ಅಥವಾ ಅದಕ್ಕೂ ಹೆಚ್ಚು ಹೊತ್ತು ಬಾಳುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವಾಗ ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಎಫ್‌ಎಲ್ 1 ಎಂಬ ಮಾನಕದ ಗುರುತಿದೆಯೇ ಎಂದು ನೋಡಬೇಕು. ಅದರಲ್ಲಿ ಬೆಳಕನ್ನು ಅಳೆಯುವುದು ಹೊತ್ತಿಸಿದ 30 ಸೆಕೆಂಡಿನಿಂದ ಎರಡು ನಿಮಿಷದೊಳಗೆ. ಬಾಳಿಕೆಯ ಅವಧಿಯೆಂದರೆ ಆ ಬೆಳಕು ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗಿನ ಕಾಲ. ದೂರವೆಂದರೆ ಬೆಳಕು 0.25 ಲಕ್ಸ್‌ಗೆ, ಅಂದರೆ ಬಯಲಿನ ಹುಣ್ಣಿಮೆಯ ಬೆಳಕಿನಷ್ಟಕ್ಕೆ, ಕ್ಷೀಣಿಸುವ ಜಾಗ. ಹಾಗಾಗಿ 200 ಮೀಟರ್ ಎಂದು ಬರೆದಿದ್ದರೆ ಅಷ್ಟು ದೂರದಲ್ಲಿರುವ ಪ್ರಾಣಿಯ ಗುರುತು ಸಿಗುತ್ತದೆಂದು ತಿಳಿಯಬಾರದು. ಟರ್ಬೊ ಎಂಬ ಅತ್ಯುಚ್ಚ ಹಂತವು ಬಿಸಿಯ ಕಾರಣಕ್ಕೆ ಒಂದೆರಡು ನಿಮಿಷಗಳಲ್ಲಿ ತಾನಾಗಿ ತಗ್ಗುವುದು ದೋಷವಲ್ಲ, ಎಲ್‌ಇಡಿಯನ್ನೂ ಹಿಡಿದ ಕೈಯನ್ನೂ ಕಾಯುವ ಏರ್ಪಾಡು. ಆದ್ದರಿಂದ ಎಷ್ಟು ಲ್ಯುಮೆನ್ ನಿರಂತರವಾಗಿ ಸಿಗುತ್ತದೆ ಎಂಬುದನ್ನೇ ಕೇಳಿ ತಿಳಿಯಬೇಕು.

ಮಂದ ಹಂತದಲ್ಲಿ ಇನ್ನೊಂದು ಪರೀಕ್ಷೆ ಉಳಿದಿದೆ. ಕೆಲವು ಟಾರ್ಚುಗಳು ಎಲ್‌ಇಡಿಯನ್ನು ಅತಿವೇಗವಾಗಿ ಹೊತ್ತಿಸಿ ಆರಿಸುತ್ತ ಬೆಳಕನ್ನು ತಗ್ಗಿಸುತ್ತವೆ. ಈ ಪಿಡಬ್ಲ್ಯುಎಂ ವಿಧಾನದ ವೇಗ ಸಾಲದಿದ್ದರೆ ಬೀಳುವ ಮಳೆಹನಿ, ತಿರುಗುವ ಫ್ಯಾನು ತುಂಡು ತುಂಡಾಗಿ ಕಾಣುತ್ತವೆ, ಬಹಳ ಹೊತ್ತು ಬಳಸಿದರೆ ಕೆಲವರಿಗೆ ತಲೆನೋವೂ ಬರುತ್ತದೆ. ಬಿಳಿ ಗೋಡೆಯ ಮೇಲೆ ಮಂದ ಬೆಳಕು ಬಿಟ್ಟು ಮೊಬೈಲ್ ಕ್ಯಾಮೆರಾದ ಪರದೆಯಲ್ಲಿ ನೋಡಿದಾಗ ಕಪ್ಪು ಪಟ್ಟಿಗಳು ದಟ್ಟವಾಗಿ ಹರಿಯುತ್ತಿದ್ದರೆ ಅಂತಹದನ್ನು ಸೂಕ್ಷ್ಮ ಕೆಲಸಕ್ಕೆ ಕೊಳ್ಳಬಾರದು.

ಕೊಂಡ ಮೇಲೆ

ಚೀಲದೊಳಗೆ ತಾನಾಗಿ ಹೊತ್ತಿ ಸೆಲ್ಲು ಮುಗಿಯುವುದು, ಪ್ರಬಲ ಟಾರ್ಚಾದರೆ ಬಟ್ಟೆ ಸುಡುವುದು ಪಕ್ಕದ ಗುಂಡಿಯ ಟಾರ್ಚುಗಳಲ್ಲಿ ಆಗುವ ಸಂಗತಿ. ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿಟ್ಟರೆ ಹಲವು ಅಲ್ಯುಮಿನಿಯಂ ಟಾರ್ಚುಗಳಲ್ಲಿ ವಿದ್ಯುತ್ ಪೂರ್ತಿ ಕಡಿಯುತ್ತದೆ. ಮರೆಯ, ಅಂದರೆ ಮುಚ್ಚಳ ತಿರುಗಿ ಕೂರುವ ತಿರುಪಿನ ಸುತ್ತುಗಳ, ಮೇಲೆ ವಿದ್ಯುತ್ ಹರಿಯದ ಆಕ್ಸೈಡ್ ಲೇಪವಿರುವುದು ಇದಕ್ಕೆ ಕಾರಣ. ಸಡಿಲಿಸಿದ ಮೇಲೂ ದೀಪ ಹೊತ್ತಿದರೆ ಲೇಪವಿಲ್ಲವೆಂದು ತಿಳಿದು, ಪ್ರಯಾಣದಲ್ಲಿ ಸೆಲ್ಲನ್ನೇ ತೆಗೆದಿಡಬೇಕು. ತಿಂಗಳುಗಟ್ಟಲೆ ಬಳಸದಿದ್ದರೆ ಸಾಮಾನ್ಯ ಸೆಲ್ಲುಗಳನ್ನು ಹೇಗೂ ಹೊರಗಿಡಬೇಕು, ಅವು ಸೋರಿ ಸ್ಪ್ರಿಂಗನ್ನು ತಿನ್ನುತ್ತವೆ.

ದೀಪ ಹೊತ್ತದಿದ್ದರೆ ಟಾರ್ಚು ಕೆಟ್ಟಿತೆಂದು ಎಸೆಯುವ ಮುನ್ನ ಮುಚ್ಚಳ ಬಿಚ್ಚಿ, ಮರೆಯನ್ನು ಒಣ ಬಟ್ಟೆಯಿಂದ ಒರೆಸಿ, ಮುಚ್ಚಳದ ಒಳಗಿನ ಸುತ್ತುಬಳೆ ಸಡಿಲವಾಗಿದ್ದರೆ ಚಿಮಟದ ಎರಡು ತುದಿಗಳಿಂದ ತಿರುಗಿಸಿ ಬಿಗಿಮಾಡಬೇಕು. ಆಗಲೂ ಹೊತ್ತದಿದ್ದರೆ, ಹಿಂಬದಿ ಸ್ವಿಚ್ಚಿನ ಟಾರ್ಚಿನಲ್ಲಿ ಸೆಲ್ಲಿನ ಋಣ ತುದಿಗೂ ಕೊಳವೆಯ ಬರಿಯ ಲೋಹದ ಅಂಚಿಗೂ ತಂತಿಯ ತುಂಡೊಂದನ್ನು ಕ್ಷಣಕಾಲ ಮುಟ್ಟಿಸಬೇಕು. ದೀಪ ಬೆಳಗಿದರೆ ಎಲ್‌ಇಡಿಯೂ ಸೆಲ್ಲೂ ಸರಿಯಾಗಿದ್ದು ಸ್ವಿಚ್ಚು ಮಾತ್ರ ಸವೆದಿದೆ. ತಂತಿ ಸೆಲ್ಲಿನ ಧನ ತುದಿಗೆ ತಾಗದಂತೆ ನೋಡಿಕೊಳ್ಳುವುದು, ವಿಶೇಷವಾಗಿ ಲಿಥಿಯಂ ಸೆಲ್ಲಿನಲ್ಲಿ, ಕಡ್ಡಾಯ. ಸವೆದ ಸ್ವಿಚ್ಚಿಗೆ ಅದೇ ಅಳತೆಯ ಬಿಡಿ ಸ್ವಿಚ್ಚನ್ನೋ ಇಡೀ ಮುಚ್ಚಳವನ್ನೋ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ವಿಚಾರಿಸಬಹುದು; ಹಳೆಯದನ್ನು ಜತೆಗೆ ಒಯ್ದರೆ, ಫಾರ್ವರ್ಡ್ ಇದ್ದ ಕಡೆ ರಿವರ್ಸ್ ಬಂದು ಹಂತಗಳ ಕ್ರಮವೇ ಗೊಂದಲವಾಗುವುದು ತಪ್ಪುತ್ತದೆ.